ಲಿಲ್ಲಿ ಅಂದರೆ ಯಾವ ಲಿಲ್ಲಿ? ಬೆಕ್ಕು ಸಾಕಿದವರು ಕೇಳಿಕೊಂಡೇ ತನ್ನಿ

ಬೆಕ್ಕು ಇರುವ ಮನೆಗೆ ಲಿಲ್ಲಿ ತರಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು.

ನಮ್ಮದು ತುಮಕೂರು, ಎಸ್.ಎಸ್. ಪುರಂ ಕಡೆ. ತಾರಸಿ ಮೇಲೆ ದಾಸವಾಳ, ಗುಲಾಬಿ, ಒಂದು ಪೀಸ್ ಲಿಲ್ಲಿ ಇದ್ದವು. ನಮ್ಮ ಬೆಕ್ಕು ಕೆಂಚ ಒಮ್ಮೆ ಆ ಪೀಸ್ ಲಿಲ್ಲಿ ಎಲೆ ಕಚ್ಚಿ, ಜೊಲ್ಲು ಸುರಿಸಿಕೊಂಡು ಓಡಿದ್ದ. ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ. ಲಿಲ್ಲಿ ಅಂದರೆ ಇಷ್ಟೇ ಅಂದುಕೊಂಡೆ. ಕಳೆದ ತಿಂಗಳು ನರ್ಸರಿಯಲ್ಲಿ ಏಷ್ಯಾಟಿಕ್ ಲಿಲ್ಲಿ ಮೊಗ್ಗು ಬಿಟ್ಟು ನಿಂತಿತ್ತು. "ಮನೇಲಿ ಬೆಕ್ಕಿದೆ, ಏನಾದ್ರೂ ಆಗುತ್ತಾ?" ಅಂತ ಕೇಳಿದೆ. "ಏನೂ ಆಗಲ್ಲಕ್ಕ, ನಮ್ಮನೇಲೂ ಬೆಕ್ಕೈತೆ" ಅಂದ ನರ್ಸರಿಯವನು. ಗಿಡ ಮನೆಗೆ ತಂದೆ. ಪಾಪ, ಅವನಿಗೂ ಗೊತ್ತಿರಲಿಲ್ಲ.

ಹೂ ಅರಳಿದ ಮೇಲೆ ಒಂದು ಸಂಜೆ ಕೆಂಚನ ಬೆನ್ನ ಮೇಲೆಲ್ಲ ಕಂದು ಪುಡಿ. "ಯಾವ ಮಸಾಲೆ ಡಬ್ಬಿಗೆ ಬಿದ್ದು ಬಂದ್ಯೋ" ಅಂತ ಅಮ್ಮ ನಕ್ಕರು. ಅವನು ಕೂತು ನೆಕ್ಕಿ ಚೊಕ್ಕ ಮಾಡಿಕೊಂಡ. ಅಷ್ಟೇ ಸಾಕಾಯಿತು. ಈ ಲಿಲ್ಲಿಯ ಎಲೆ, ದಳ, ಹೂವಿನ ಪುಡಿ (ಪರಾಗ), ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಕಿಡ್ನಿ ಕೆಡುತ್ತದೆ.

ರಾತ್ರಿ ಎರಡು ಸಲ ವಾಂತಿ. ಕೂದಲು ಉಂಡೆ ಇರಬೇಕು ಅಂದೆ. ಬೆಳಿಗ್ಗೆ ಹತ್ತಿರದ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ಯಾವ ಗಿಡ ಇದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನಕ್ಕೆ ವಾಂತಿ ನಿಂತಿತು. ಬಾಲ ಎತ್ತಿಕೊಂಡು ಅಡುಗೆಮನೆಗೂ ಬಂದ. ಮೋಸ ಹೋಗುವುದೇ ಇಲ್ಲಿ. ಒಂದು ಹೊತ್ತು ಸರಿಹೋದ ಹಾಗೆ ಕಾಣುತ್ತದೆ, ಒಳಗೆ ಕಿಡ್ನಿ ಹೋಗುತ್ತಿರುತ್ತದೆ. ಮೂರನೇ ದಿನ ಉಚ್ಚೆ ನಿಂತಿತು. 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಓಡಿದೆವು. ರಕ್ತದ ರಿಪೋರ್ಟ್ ನೋಡಿದ ಡಾಕ್ಟರ್ ಮೊದಲು ಕೇಳಿದ್ದು, "ಮನೇಲಿ ಲಿಲ್ಲಿ ಇದ್ಯಾ?"

ಇದಕ್ಕೆ ಪ್ರತಿಮದ್ದು ಇಲ್ಲ. ಲಿಲ್ಲಿ ಹೊಟ್ಟೆಗೆ ಹೋದ 18 ಗಂಟೆಯೊಳಗೆ ಡ್ರಿಪ್ ಶುರು ಮಾಡಿ ಎರಡು ಮೂರು ದಿನ ಬಿಡದೆ ಕೊಟ್ಟರೆ ಉಳಿಯುವುದು ಜಾಸ್ತಿ. ನಾವು ಹೋದಾಗ 60 ಗಂಟೆ ದಾಟಿತ್ತು. ಕೆಂಚ ವಾಪಸ್ ಬರಲಿಲ್ಲ.

ಹೆಸರು ನೋಡಿ ಮೋಸ ಹೋಗಬೇಡಿ. ಪೀಸ್ ಲಿಲ್ಲಿ ಬಾಯಿ ಉರಿಸುತ್ತದೆ, ಕಿಡ್ನಿ ಮುಟ್ಟುವುದಿಲ್ಲ. ಮಳೆ ಬಿದ್ದಾಗ ಏಳುವ ರೈನ್ ಲಿಲ್ಲಿಯೂ ಈ ಜಾತಿಯಲ್ಲ. ಕೊಲ್ಲುವುದು ಆರು ದಳದ ದೊಡ್ಡ ಹೂವಿನ ಏಷ್ಯಾಟಿಕ್, ಓರಿಯೆಂಟಲ್, ಈಸ್ಟರ್ ಲಿಲ್ಲಿಗಳು, ಜೊತೆಗೆ ಡೇ ಲಿಲ್ಲಿ. ಗೃಹಪ್ರವೇಶಕ್ಕೆ ಬರುವ ಬೊಕೆಗಳಲ್ಲೂ ಇರುತ್ತವೆ, ನೋಡಿಕೊಳ್ಳಿ.

ಪಕ್ಕದ ಮನೆ ಆಂಟಿ ಹತ್ತಿರವೂ ಅದೇ ಲಿಲ್ಲಿಯ ಕುಂಡ ಇದೆ. "ನಮ್ಮ ನಾಯಿ ದಿನಾ ಮೂಸುತ್ತೆ, ಏನಾಗಿದೆ?" ಅಂದರು. ನಾಯಿಗೆ ಹೀಗೆ ಕಿಡ್ನಿ ಹೋಗಲ್ಲ ಆಂಟಿ, ಬೆಕ್ಕಿಗೆ ಹೋಗುತ್ತೆ ಅಂದೆ. ನಿನ್ನೆ ಕುಂಡ ಗೇಟಿನ ಹತ್ತಿರ ಬಂದಿತ್ತು. ಮಗಳ ಮನೆಗೆ ಕಳಿಸ್ತಾರಂತೆ. ಅಲ್ಲಿ ಬೆಕ್ಕಿದೆಯಾ ಅಂತ ಕೇಳಿದೆ. ಎರಡಿವೆಯಂತೆ.