ಬ್ಯಾಂಕಾಕ್‌ನಲ್ಲಿ ಫೇಸ್‌ಲಿಫ್ಟ್ ಆದ ಮೇಲೆ: ಆಸ್ಪತ್ರೆಯ ಕೋಣೆ, ಹೋಟೆಲು, ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟ್

ಫೇಸ್‌ಲಿಫ್ಟ್, ಎಂದರೆ ಮುಖದ ಜೋತುಬಿದ್ದ ಚರ್ಮವನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳಲು ಬ್ಯಾಂಕಾಕ್‌ಗೆ ಹೋಗುವವರು ವೈದ್ಯರ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ನಂತರದ ಎರಡು ವಾರ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಎಂಬುದನ್ನು ಏಜೆಂಟರ ಪ್ಯಾಕೇಜಿಗೆ ಬಿಟ್ಟುಬಿಡುತ್ತಾರೆ. ಮುಖಕ್ಕೂ ಕುತ್ತಿಗೆಗೂ, ಜೊತೆಗೆ ಕಣ್ಣಿನ ಕೆಳರೆಪ್ಪೆಗಳಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾನು ಆ ಅವಧಿಯನ್ನು ಮೂರು ಕಡೆ ಕಳೆದೆ: ಮೊದಲು ಆಸ್ಪತ್ರೆಯ ಕೋಣೆ, ಆಮೇಲೆ ಪ್ಯಾಕೇಜಿನಲ್ಲಿ ಸೇರಿದ್ದ ಹೋಟೆಲು, ಕೊನೆಗೆ ಸುಖುಮ್ವಿತ್ ರಸ್ತೆಯ ಅಡ್ಡರಸ್ತೆಯೊಂದರಲ್ಲಿದ್ದ ಸರ್ವಿಸ್ ಅಪಾರ್ಟ್‌ಮೆಂಟ್. ತಂಗಿ ಉದ್ದಕ್ಕೂ ಜೊತೆಗಿದ್ದಳು. ಆಸ್ಪತ್ರೆಗೂ ಅಪಾರ್ಟ್‌ಮೆಂಟಿಗೂ ತಮ್ಮ ತಮ್ಮ ಕಾಲದಲ್ಲಿ ಸರಿಸಾಟಿಯಿಲ್ಲ. ಎಲ್ಲರೂ ಶಿಫಾರಸು ಮಾಡುವ ಹೋಟೆಲು ಮಾತ್ರ ಆ ಎರಡರ ಕೆಲಸವನ್ನೂ ಅರೆಬರೆಯಾಗಿ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಆಸ್ಪತ್ರೆಯ ಕೋಣೆಗೆ ಕೊಡುವ ಹಣ ದುಬಾರಿಯೆನಿಸಿದರೂ ಅದಕ್ಕೆ ಗಟ್ಟಿಯಾದ ಕಾರಣವಿದೆ. ಫೇಸ್‌ಲಿಫ್ಟಿನ ನಂತರ ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳುವ ತೊಂದರೆ ಬಹುಪಾಲು ಮೊದಲ 24 ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಕಡೆಯ ಕೆನ್ನೆ ಇನ್ನೊಂದಕ್ಕಿಂತ ಬೇಗ ಉಬ್ಬಿ, ಬಿಗಿತ ಮತ್ತು ನೋವು ಏರುತ್ತಾ ಹೋದರೆ ರೋಗಿಯನ್ನು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ಯಬೇಕಾಗಬಹುದು. ರಕ್ತದೊತ್ತಡ ಏರಿದಷ್ಟೂ ಈ ಅಪಾಯ ಹೆಚ್ಚುವುದರಿಂದ ರಾತ್ರಿಯಿಡೀ ದಾದಿಯರು ಬಂದು ಒತ್ತಡ ನೋಡುತ್ತಿದ್ದರು, ಕಿವಿಯ ಹಿಂದಿನ ಡ್ರೇನ್ ನಳಿಕೆಯಲ್ಲಿ ಎಷ್ಟು ದ್ರವ ಬಂದಿದೆಯೆಂದು ಅಳೆಯುತ್ತಿದ್ದರು. ನಿದ್ದೆ ಕೆಡುತ್ತದೆ ನಿಜ. ಆದರೂ ಡ್ರೇನ್ ತೆಗೆಯುವವರೆಗೆ, ಎಂದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನ, ಬೇರೆಲ್ಲಿಯೂ ಇರಬಾರದೆಂದೇ ನಾನು ಹೇಳುತ್ತೇನೆ. ಹೋಟೆಲಿನ ಪ್ಯಾಕೇಜಿನಲ್ಲಿ “24 ಗಂಟೆ ಸಹಾಯವಾಣಿ” ಎಂದು ಬರೆದಿತ್ತು. ಫೋನು ಎತ್ತುವವರು ವಿನಯವಂತರೇ, ಆದರೆ ಅವರು ನರ್ಸ್ ಅಲ್ಲ.

ಮಲಗುವ ಬಗೆಯಲ್ಲಿ ಇಷ್ಟೊಂದು ವ್ಯತ್ಯಾಸವಿರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಊತ ಎರಡನೆಯ ಅಥವಾ ಮೂರನೆಯ ದಿನ ಅತ್ಯಂತ ಹೆಚ್ಚಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅದು ಇಳಿಯಬೇಕಾದರೆ ತಲೆ ಎದೆಗಿಂತ ಮೇಲಿರಬೇಕು. ಹಾಗೆಂದು ದಿಂಬಿನ ಮೇಲೆ ದಿಂಬು ಪೇರಿಸಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತದೆ, ಕುತ್ತಿಗೆಯ ಚರ್ಮ ಮಡಿಚಿಕೊಳ್ಳುತ್ತದೆ. ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಬೇಡವೆನ್ನುವುದು ಇದನ್ನೇ. ಸೊಂಟದಿಂದ ಮೇಲಕ್ಕೆ ಇಡೀ ದೇಹವೇ ಏರಬೇಕು. ಆಸ್ಪತ್ರೆಯ ಮಂಚದಲ್ಲಿ ಇದು ಒಂದು ಗುಂಡಿಯ ಕೆಲಸ. ಹೋಟೆಲಿನ ಮಂಚ ವಿಶಾಲವಾಗಿತ್ತು, ಹಾಸಿಗೆ ಮೆತ್ತಗಿತ್ತು, ದಿಂಬುಗಳು ಹಂಸತೂಲಿಕಾತಲ್ಪವನ್ನು ನೆನಪಿಸುವಷ್ಟು ಮೃದುವಾಗಿದ್ದವು. ಆ ಕಾರಣಕ್ಕೇ ಅವು ಕೆಲಸಕ್ಕೆ ಬರಲಿಲ್ಲ. ಮಧ್ಯರಾತ್ರಿ ತಂಗಿ ಎದ್ದು, “ಅಕ್ಕಾ, ಗದ್ದ ಮೇಲೆತ್ತು” ಎನ್ನುವುದು ಅಲ್ಲಿಯ ದಿನಚರಿಯಾಯಿತು. ಅಪಾರ್ಟ್‌ಮೆಂಟಿನಲ್ಲಿ ಹಿಂದಕ್ಕೆ ಒರಗುವ ಕುರ್ಚಿಯಿತ್ತು. ನಾನು ಅದರಲ್ಲೇ ಮಲಗಿದೆ, ಮಗ್ಗುಲಾಗುವ ಭಯವೂ ತಪ್ಪಿತು. ಬಾಡಿಗೆಗೆ ಮನೆ ಹುಡುಕುವಾಗ ಈಜುಕೊಳದ ಚಿತ್ರಕ್ಕಿಂತ ಇಂತಹ ಕುರ್ಚಿಯಿದೆಯೇ ಎಂದು ಕೇಳುವುದು ಜಾಣತನ. ಇಲ್ಲವಾದರೆ ಇಳಿಜಾರಾದ ಗಟ್ಟಿ ಫೋಮಿನ ದಿಂಬನ್ನು ಕೊಳ್ಳಬೇಕು.

ತಣ್ಣನೆಯ ಪಟ್ಟಿಯ ವಿಷಯದಲ್ಲೂ ಹೋಟೆಲು ಹಿಂದೆ ಬಿತ್ತು. ಅಲ್ಲಿ ಸಿಗುವುದು ಬಕೆಟ್ಟಿನಲ್ಲಿ ಮಂಜುಗಡ್ಡೆ; ಅದು ಕರಗಿ ಕಿವಿಯ ಸುತ್ತಲಿನ ಡ್ರೆಸ್ಸಿಂಗ್ ಒದ್ದೆಯಾಗುತ್ತದೆ, ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಜೆಲ್ ಪ್ಯಾಕ್ ಗಟ್ಟಿಯಾಗುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಸರಿಯಾದ ಫ್ರೀಜರ್ ಇತ್ತು. ಆಸ್ಪತ್ರೆಯಲ್ಲಿ ತಣ್ಣಗಿನ ಸಲೈನಿನಲ್ಲಿ ಅದ್ದಿದ ತೆಳುವಾದ ಪಟ್ಟಿಬಟ್ಟೆಯ ತುಂಡನ್ನು ರೆಪ್ಪೆಯ ಮೇಲಿಡುತ್ತಿದ್ದರು, ಎಲ್ಲಕ್ಕಿಂತ ಹಿತವೆನಿಸಿದ್ದು ಅದೇ. ಕೆನ್ನೆಯ ಚರ್ಮಕ್ಕೆ ಸ್ಪರ್ಶಜ್ಞಾನ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುವುದರಿಂದ ಮಂಜು ಸುಡುತ್ತಿದ್ದರೂ ಅರಿವಾಗುವುದಿಲ್ಲ. ಹಾಗಾಗಿ ಏನನ್ನೇ ಇಟ್ಟರೂ ನಡುವೆ ಬಟ್ಟೆ ಇರಬೇಕು, ಎಷ್ಟು ಹೊತ್ತು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನು ಉಪ್ಪು. ಬ್ಯಾಂಕಾಕ್‌ನ ಊಟ ಎಷ್ಟೇ ರುಚಿಯಾದರೂ ಅದರ ಜೀವಾಳ ನಾಮ್ ಪ್ಲಾ ಎಂಬ ಮೀನಿನ ಸಾಸ್ ಮತ್ತು ಸೋಯಾ ಸಾಸ್. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕೆನ್ನುತ್ತದೆ; ಮೀನಿನ ಸಾಸಿನ ಒಂದು ದೊಡ್ಡ ಚಮಚದಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಇರುತ್ತದೆ. ಆಸ್ಪತ್ರೆಯಲ್ಲಿ ಆಹಾರತಜ್ಞರು ಹೇಳಿದಂತೆ ಸಪ್ಪೆ ಗಂಜಿ ಬರುತ್ತಿತ್ತು. ಹೋಟೆಲಿನಲ್ಲಿ ಸಸ್ಯಾಹಾರಕ್ಕಾಗಿ “ಜೇ” ಎಂದು ಕೇಳಿದರೆ ಮೀನು ತಪ್ಪುತ್ತದೆ, ಸೋಯಾ ಸಾಸ್ ತಪ್ಪುವುದಿಲ್ಲ; ಹಾಗೆ ಉಂಡ ಮರುದಿನ ಬೆಳಿಗ್ಗೆ ಕಣ್ಣಿನ ಸುತ್ತ ಊತ ಮತ್ತೆ ಏರಿದಂತೆ ನನಗೆ ಅನಿಸುತ್ತಿತ್ತು. ಸುಖುಮ್ವಿತ್‌ನ ನಾನಾ ಪ್ರದೇಶದಲ್ಲಿ ಭಾರತೀಯ ಹೋಟೆಲುಗಳಿಗೇನೂ ಕೊರತೆಯಿಲ್ಲ, ಆದರೆ ಬಾಯಿ ಅಗಲಿಸದೆ ನಾನ್ ಅಗಿಯುವುದು ಸಾಧ್ಯವಿಲ್ಲ. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ತಂಗಿ ಭಾರತೀಯರ ಅಂಗಡಿಗಳಿರುವ ಪಾಹುರತ್ ಮಾರುಕಟ್ಟೆಯಿಂದ ಹೆಸರುಬೇಳೆ ತಂದಳು. ಮೆತ್ತಗಿನ ಅನ್ನ, ಉಪ್ಪು ತೋರಿಸಿದಂತೆ ಹಾಕಿದ ತೊವ್ವೆ, ಊರಿನಿಂದ ಕಟ್ಟಿಕೊಂಡು ಹೋಗಿದ್ದ ರಾಗಿಹಿಟ್ಟಿನ ಅಂಬಲಿ: ಇಷ್ಟರಿಂದ ಇನ್ನೊಂದು ಉಪಕಾರವೂ ಆಯಿತು. ಬಲವಾದ ನೋವುನಿವಾರಕಗಳಿಂದ ಮಲಬದ್ಧತೆಯಾಗುತ್ತದೆ, ತಿಣುಕಿದರೆ ರಕ್ತದೊತ್ತಡ ಏರುತ್ತದೆ. ಯಾವ ಪ್ಯಾಕೇಜಿನ ಕರಪತ್ರವೂ ಈ ಮಾತನ್ನು ಎತ್ತುವುದಿಲ್ಲ.

ಹೋಟೆಲಿನ ಪರವಾಗಿ ಹೇಳಲೇಬೇಕಾದ ಒಂದು ಸಂಗತಿಯಿದೆ. ದೊಡ್ಡ ಆಸ್ಪತ್ರೆಗಳ ಸುತ್ತಲಿನ ಹೋಟೆಲುಗಳಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡವರು ಬೆಳಗಿನ ತಿಂಡಿಗೆ ಬಂದು ಕೂರುವುದು ಸಾಮಾನ್ಯ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಮೊದಲ ವಾರದ ಕೊನೆಗೆ ಅನೇಕರಿಗೆ ಮನಸ್ಸು ಕುಗ್ಗುತ್ತದೆ, ಯಾಕಾದರೂ ಮಾಡಿಸಿಕೊಂಡೆನೋ ಎನಿಸುತ್ತದೆ. ಆಗ ತನ್ನಂತೆಯೇ ಊದಿದ ಇನ್ನಿಬ್ಬರ ಮುಖ ಕಾಣುವುದು ಸಮಾಧಾನ ಕೊಡುತ್ತದೆ. ಸ್ನಾನದ ಕೋಣೆಯ ಗೋಡೆತುಂಬ ಇದ್ದ ಕನ್ನಡಿ ಆ ಸಮಾಧಾನವನ್ನು ಅರ್ಧಕ್ಕೆ ಇಳಿಸುತ್ತಿತ್ತು ಎಂಬುದು ಬೇರೆ ಮಾತು.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಹಬ್ಬದಲ್ಲಿ ಬೀದಿಯಲ್ಲಿ ಹೋಗುವವರ ಮೇಲೆಲ್ಲ ನೀರೆರಚುತ್ತಾರೆ. ಹೊಲಿಗೆ ಹಾಕಿಸಿಕೊಂಡ ಮುಖಕ್ಕೆ ಅದು ತಕ್ಕ ಜಾಗವಲ್ಲ.

ಪ್ರಯಾಣದ ದಿನವನ್ನು ಟಿಕೆಟ್ಟಿನ ದರ ನೋಡಿ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಕಿವಿಯ ಮುಂದಿನ ಹೊಲಿಗೆಗಳನ್ನು ಸುಮಾರು ಒಂದು ವಾರಕ್ಕೆ, ಕೂದಲಿನೊಳಗೆ ಗಾಯ ಕೂಡಿಸಲು ಹಾಕಿದ ಲೋಹದ ಪಿನ್ನುಗಳನ್ನು ಅದಕ್ಕೂ ಕೆಲವು ದಿನ ತಡವಾಗಿ ತೆಗೆಯುತ್ತಾರೆ. ಆ ಕೆಲಸ ಶಸ್ತ್ರಚಿಕಿತ್ಸೆ ಮಾಡಿದವರ ಕೈಯಲ್ಲೇ ಆಗಬೇಕು. ದುಬಾರಿ ಹೋಟೆಲಿನ ಒಂದು ವಾರದ ಹಣಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದಕ್ಕಿಂತ ಹೆಚ್ಚು ದಿನ ಇರಬಹುದಾಗಿತ್ತು. ಬೆಂಗಳೂರಿಗೆ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗೇ ಬರಬಹುದಾದರೂ, ಸುವರ್ಣಭೂಮಿ ನಿಲ್ದಾಣದ ಸಾಲುಗಳಲ್ಲಿ ನಿಲ್ಲುವ ಬದಲು ಮೊದಲೇ ಗಾಲಿಕುರ್ಚಿ ಕೇಳಿಕೊಳ್ಳುವುದು ಒಳ್ಳೆಯದು. ಬ್ಯಾಗು ಎತ್ತುವುದನ್ನಂತೂ ಜೊತೆಗಿರುವವರಿಗೇ ಬಿಡಬೇಕು. ಊದಿದ ಮುಖ ಪಾಸ್‌ಪೋರ್ಟಿನ ಚಿತ್ರಕ್ಕೆ ಹೊಂದದಿದ್ದರೆ ತೋರಿಸಲು ಶಸ್ತ್ರಚಿಕಿತ್ಸೆಯ ದಿನಾಂಕವಿರುವ ವೈದ್ಯರ ಪತ್ರವನ್ನು ಕೈಚೀಲದಲ್ಲಿ ಇಟ್ಟುಕೊಂಡಿರಬೇಕು. ಶಸ್ತ್ರಚಿಕಿತ್ಸೆಯ ಪೂರ್ಣ ವಿವರ ಮತ್ತು ಕೊಟ್ಟ ಔಷಧಿಗಳ ಪಟ್ಟಿಯನ್ನೂ ಅದರೊಡನೆ ತರಬೇಕು, ಏಕೆಂದರೆ ಬೇರೆಯವರು ಮಾಡಿದ ಶಸ್ತ್ರಚಿಕಿತ್ಸೆಯ ಮುಂದುವರಿದ ಆರೈಕೆಯನ್ನು ವಹಿಸಿಕೊಳ್ಳಲು ಇಲ್ಲಿಯ ವೈದ್ಯರು ಹಿಂಜರಿಯುವುದು ಸಹಜ. ಕಾಗದವಿದ್ದರೆ ಕನಿಷ್ಠ ಪಕ್ಷ ಮಾತು ಮುಂದುವರಿಯುತ್ತದೆ.