ಸೀಸನ್ನಲ್ಲಿ ‘ಟ್ರಯಲ್’ ಅಂತ ಸಾಫ್ಟ್‌ವೇರ್ ಹಾಕೋಕೆ ಬಂದ್ರೆ ಹುಷಾರು

ಶಿವಮೊಗ್ಗದಲ್ಲಿ ಅಡಿಕೆ ಮಂಡೀಲಿ ಲೆಕ್ಕ ಬರೆಯೋನು ನಾನು. ನಮಗಾಗಿದ್ದು ಬೇರೆ ಮಂಡಿಯೋರಿಗೆ ಆಗ್ದಿರ್ಲಿ ಅಂತ ಬರೀತಿದೀನಿ, ಕಂಪ್ನಿ ಹೆಸರು ಮಾತ್ರ ಕೇಳ್ಬೇಡಿ.

ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ಪೂರ್ತಿ ಆಗಿಲ್ಲ, ನೀವೇ ಬಳಸಿ ತಪ್ಪು ಹೇಳಿ, ಒಂದು ವರ್ಷ ಫ್ರೀ ಅಂದ್ರು. ಫ್ರೀ ಅಂದ್ಕೂಡ್ಲೇ ನಮ್ ಸಾಹುಕಾರ್ರು ಹೂಂ ಅಂದ್ಬಿಟ್ರು. ಶುರು ಮಾಡಿದ್ದು ಯಾವಾಗ ಅಂತೀರಿ, ಫೆಬ್ರವರೀಲಿ, ಹೊಸ ರಾಶಿ (ಜಾಸ್ತಿ ರೇಟಿನ ಅಡಿಕೆ) ಲೋಡ್‌ಗಟ್ಲೆ ಬಂದು ಬೀಳೋ ಹೊತ್ತಲ್ಲಿ, ಅದೂ ಹಳೇ ಪ್ರೋಗ್ರಾಂ ಅವತ್ತೇ ಬಂದ್ ಮಾಡ್ಸಿ.

ಒಂದು ಲಾಟ್ ಸೇವ್ ಮಾಡಿದ್ರೆ ಮುಂದಿನದಕ್ಕೆ ತಾನಾಗೇ ರಾಶಿ ಅಂತ ಬಂದು ಕೂರೋದು, ರೇಟೂ ಅದರದ್ದೇ. ಗಡಿಬಿಡೀಲಿ ನೋಡ್ಲಿಲ್ವೋ, ಗೊರಬಲಿಗೆ, ಅಂದ್ರೆ ಕಮ್ಮಿ ರೇಟಿನ ಅಡಿಕೆಗೆ, ರಾಶಿ ರೇಟಿನ ದುಡ್ಡು. ಇನ್ನೊಂದು ಇದಕ್ಕಿಂತ ಕಷ್ಟದ್ದು. ತೀರ್ಥಹಳ್ಳಿ ಕಡೆ ಒಂದೇ ಊರಲ್ಲಿ ಒಂದೇ ಹೆಸರಿನೋರು ಇಬ್ರು, ನಮ್ ಖಾತೆ ಪುಸ್ತಕದಲ್ಲಿ ಮೇಲಿನಮನೆ, ಕೆಳಗಿನಮನೆ ಅಂತ ಇತ್ತು. ಈ ಸಾಫ್ಟ್‌ವೇರ್ ಇಬ್ರನ್ನೂ ಒಂದು ಮಾಡಿ ಕೆಳಗಿನಮನೆಯೋರ ಮುಂಗಡಾನ ಮೇಲಿನಮನೆಯೋರ ಪಟ್ಟೀಲಿ (ಅಡಿಕೆ ಮಾರಿದ ಲೆಕ್ಕದ ಚೀಟೀಲಿ) ಮುರ್ಕೊಂಡಿತ್ತು. ಕೊನೇ ಬಸ್ಸಿಗೆ ಹೊರಟಿದ್ದ ಹಿರೀರು ಪಟ್ಟೀನ ಟೇಬಲ್ ಮೇಲಿಟ್ಟು ‘ಅಲ್ಲ ಮಾರಾಯ, ನಾನ್ಯಾವಾಗ ನಿಮ್ಹತ್ರ ಸಾಲ ಮಾಡಿದ್ದೆ?’ ಅಂದ್ರು, ಅಷ್ಟು ಜನರ ಎದುರಿಗೆ.

ಕಂಪ್ನಿ ಹುಡ್ಗ ಪಕ್ಕದಲ್ಲೇ ಕೂತಿರ್ತಿದ್ದ, ಪಾಪ ಒಳ್ಳೆಯವ್ನೇ. ಆದ್ರೆ ‘ಅಣ್ಣ ಅಲ್ಲಿ ಒತ್ಬೇಡಿ, ಇಲ್ಲಿ ಒತ್ತಿ’ ಅಂತ ಹೇಳ್ಕೊಟ್ಟು ಹೇಳ್ಕೊಟ್ಟು ಮಾಡ್ಸೋನು, ಅವ್ನು ಊಟಕ್ಕೆ ಎದ್ದ ಅಂದ್ರೆ ನಮ್ ಕಥೆ ಮುಗೀತು. ನಾವು ಎಲ್ಲಿ ತಡವರಿಸ್ತೀವಿ ಅಂತ ಸುಮ್ನೆ ಕೂತು ನೋಡಿ ಬರ್ಕೊಂಡ್ರೆ ತಾನೇ ಟೆಸ್ಟು? ಕೊನೆಗೆ ರಿಪೋರ್ಟಲ್ಲಿ ಬರೆದಿದ್ದು ‘ಬಳಸೋರಿಗೆ ತರಬೇತಿ ಸಾಲದು’ ಅಂತ!

ನಿಮ್ಮಲ್ಲಿಗೂ ಬಂದ್ರೆ ಮಳೆಗಾಲದಲ್ಲಿ ಬನ್ನಿ ಅನ್ನಿ, ಆಗ ಕೆಲಸ ತಣ್ಣಗಿರುತ್ತೆ. ಹೋದ ವರ್ಷದ ಪಟ್ಟಿಗಳ ನಕಲು ಕೊಟ್ಟು ಮಾಡ್ಸಿ, ಎರಡೂ ಲೆಕ್ಕ ಪೈಸೆಗೆ ಪೈಸೆ ತಾಳೆ ಆಗೋವರೆಗೂ ಹಳೇದನ್ನ ಮುಟ್ಟೋಕೆ ಬಿಡ್ಬೇಡಿ. ತಪ್ಪಾದ್ರೆ ದುಡ್ಡು ಯಾರು ತುಂಬೋದು ಅಂತ ಮೊದ್ಲೇ ಬರೆಸ್ಕೊಳ್ಳಿ, ನಾವು ಬರೆಸ್ಕೊಂಡಿರ್ಲಿಲ್ಲ. ಗೊರಬಲಿಗೆ ಜಾಸ್ತಿ ದುಡ್ಡು ತಗೊಂಡಿದ್ದ ಮೂವರಲ್ಲಿ ಇಬ್ರು ತಾವಾಗೇ ವಾಪಸ್ ತಂದುಕೊಟ್ರು, ಇನ್ನೊಬ್ರು ಇವತ್ತಿಗೂ ಫೋನ್ ಎತ್ತುತ್ತಿಲ್ಲ.