ಟಿಸಿಪಿ ಮತ್ತು ಕ್ವಿಕ್: ಪ್ಯಾಕೆಟ್ ಕಳೆದುಹೋದಾಗ ಕಾಣುವ ವ್ಯತ್ಯಾಸ

ಅಂತರ್ಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಸಾಗುತ್ತದೆ. ಅದನ್ನು ತಲುಪಿಸುವ ಎರಡು ವಿಧಾನಗಳು ಹಳೆಯ ಟಿಸಿಪಿ ಮತ್ತು ಹೊಸ ಕ್ವಿಕ್; ಅವುಗಳ ಮೇಲೆ ವೆಬ್ ಪುಟಗಳನ್ನು ತರಿಸುವ ನಿಯಮಾವಳಿ ಎಚ್‌ಟಿಟಿಪಿ. ನೂರು ಸಣ್ಣ ಚಿತ್ರಗಳಿರುವ ಒಂದೇ ಪುಟವನ್ನು ಒಂದೇ ಸರ್ವರಿನಿಂದ ಮೂರು ಬಗೆಯಲ್ಲಿ, ಅಂದರೆ ಟಿಸಿಪಿಯ ಮೇಲೆ ಎಚ್‌ಟಿಟಿಪಿ/1.1, ಟಿಸಿಪಿಯ ಮೇಲೆಯೇ ಎಚ್‌ಟಿಟಿಪಿ/2 ಹಾಗೂ ಕ್ವಿಕ್‌ನ ಮೇಲೆ ಎಚ್‌ಟಿಟಿಪಿ/3 ಬಳಸಿ, ಹಲವು ಬಾರಿ ತರಿಸಿ ನೋಡಿದೆ. ವಿಳಂಬವನ್ನೂ ಪ್ಯಾಕೆಟ್ ನಷ್ಟವನ್ನೂ ಜಾಲದ ತೊಂದರೆಗಳನ್ನು ಕೃತಕವಾಗಿ ಉಂಟುಮಾಡುವ ಲಿನಕ್ಸ್‌ನ ನೆಟ್‌ಎಮ್ ಸಾಧನದ ಮೂಲಕ ನಾನೇ ನಿಗದಿಪಡಿಸಿದ್ದರಿಂದ ಯಾವುದರ ಪರಿಣಾಮ ಎಷ್ಟೆಂದು ಬಿಡಿಸಿ ನೋಡಲು ಸಾಧ್ಯವಾಯಿತು.

ನಷ್ಟವಿಲ್ಲದ, ವಿಳಂಬ ಕಡಿಮೆಯಿರುವ ಜಾಲದಲ್ಲಿ ಎಚ್‌ಟಿಟಿಪಿ/2 ಮತ್ತು 3ರ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ದೊಡ್ಡ ಫೈಲುಗಳಲ್ಲಿ ಟಿಸಿಪಿಯೇ ಮುಂದಿತ್ತು. ಅದರ ಕೆಲಸ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ ನಡೆದರೆ, ಕ್ವಿಕ್ ಸಾಮಾನ್ಯವಾಗಿ ಅದರ ಹೊರಗೆ ನಡೆಯುವುದರಿಂದ ಪ್ರೊಸೆಸರಿಗೆ ಹೊರೆ ಹೆಚ್ಚು.

ಪ್ಯಾಕೆಟ್ ಹೋಗಿಬರುವ ಸಮಯವನ್ನು 150 ಮಿಲಿಸೆಕೆಂಡಿಗೆ ಏರಿಸಿದಾಗ ಮೊದಲ ವ್ಯತ್ಯಾಸ ಕಾಣಿಸಿತು. ಟಿಸಿಪಿ ಒಂದು ಸುತ್ತಿನಲ್ಲಿ ಸಂಪರ್ಕ ಕಟ್ಟಿ, ಮಾಹಿತಿಯನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ 1.3 ಇನ್ನೊಂದು ಸುತ್ತಿನಲ್ಲಿ ಕೀಲಿಗಳನ್ನು ಹೊಂದಿಸಿದ ಮೇಲಷ್ಟೇ ಕೋರಿಕೆ ಹೊರಡುತ್ತದೆ. ಅಲ್ಲಿಗೆ 300 ಮಿಲಿಸೆಕೆಂಡು ಕಳೆದಿರುತ್ತದೆ. ಕ್ವಿಕ್ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಪರಿಚಿತ ಸರ್ವರಿಗೆ ಶೂನ್ಯ ಸುತ್ತಿನ ಆರಂಭವೂ ಉಂಟು, ಆದರೆ ಹಾಗೆ ಕಳುಹಿಸಿದ ಕೋರಿಕೆಯನ್ನು ನಡುವಿನವರು ಹಿಡಿದಿಟ್ಟು ಮತ್ತೊಮ್ಮೆ ಕಳುಹಿಸಬಲ್ಲರಾದ್ದರಿಂದ ಹಣಪಾವತಿಯಂಥ ಕೆಲಸಕ್ಕೆ ನಾನು ಅದನ್ನು ಬಳಸಲಾರೆ.

ನನ್ನ ಮಟ್ಟಿಗೆ ಇವುಗಳ ಗುಣ ತಿಳಿದದ್ದು ಶೇ. 2ರಷ್ಟು ಪ್ಯಾಕೆಟ್‌ಗಳನ್ನು ಬೀಳಿಸಿದಾಗ. ಆಗ ಎಚ್‌ಟಿಟಿಪಿ/2 ತನಗಿಂತ ಹಳೆಯದಾದ 1.1ಕ್ಕಿಂತಲೂ ಹಿಂದೆ ಬಿದ್ದಿತು. 1.1ರಲ್ಲಿ ಬ್ರೌಸರ್ ಒಂದು ಸರ್ವರಿಗೆ ಆರು ಸಂಪರ್ಕಗಳನ್ನು ತೆರೆಯುತ್ತದೆ. ಒಂದರಲ್ಲಿ ಪ್ಯಾಕೆಟ್ ಕಳೆದರೆ ಉಳಿದ ಐದು ಸಾಗುತ್ತಲೇ ಇರುತ್ತವೆ. ಎಚ್‌ಟಿಟಿಪಿ/2 ಎಲ್ಲ ಚಿತ್ರಗಳನ್ನೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಹೆಣೆದು ಕಳುಹಿಸುತ್ತದೆ, ಟಿಸಿಪಿಯಾದರೋ ಬೈಟ್‌ಗಳನ್ನು ಕ್ರಮ ತಪ್ಪದೆ ಒಪ್ಪಿಸಲೇಬೇಕು. ಹಾಗಾಗಿ ಒಂದು ಚಿತ್ರದ ತುಣುಕು ಕಳೆದರೆ, ಅದರ ಹಿಂದೆಯೇ ಬಂದು ತಲುಪಿದ ಬೇರೆ ಚಿತ್ರಗಳ ಮಾಹಿತಿಯೂ ಆ ತುಣುಕು ಮರಳಿ ಬರುವತನಕ ಕರ್ನಲ್‌ನಲ್ಲಿ ಕಾಯುತ್ತದೆ. 2021ರಲ್ಲಿ ಮಾನಕವಾದ ಕ್ವಿಕ್ ಈ ಕ್ರಮವನ್ನು ಪ್ರತಿ ಪ್ರವಾಹಕ್ಕೆ, ಅಂದರೆ ಇಲ್ಲಿ ಪ್ರತಿ ಚಿತ್ರಕ್ಕೆ, ಪ್ರತ್ಯೇಕವಾಗಿ ಲೆಕ್ಕಿಸುವುದರಿಂದ ಆ ಒಂದು ಚಿತ್ರ ಮಾತ್ರ ತಡವಾಗುತ್ತದೆ. ಆದರೆ ಜಾಲ ತುಂಬಿದಂತೆ ಕಂಡಾಗ ವೇಗ ತಗ್ಗಿಸುವ ದಟ್ಟಣೆ ನಿಯಂತ್ರಣ ಇಡೀ ಸಂಪರ್ಕಕ್ಕೆ ಒಂದೇ ಆಗಿರುವುದರಿಂದ ನಷ್ಟವಾದಾಗ ಕ್ವಿಕ್‌ನ ವೇಗವೂ ಕುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಅಳೆಯುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಸರ್ವರಿನಲ್ಲಿ ಎಚ್‌ಟಿಟಿಪಿ/3 ಉಂಟೆಂದು ಬ್ರೌಸರಿಗೆ ಹಲವು ಸಲ ತಿಳಿಯುವುದೇ ಮೊದಲ ಉತ್ತರದ ಜೊತೆಗೆ ಬರುವ ವಿವರಗಳಾದ ಹೆಡರಿನಿಂದ. ಆದ್ದರಿಂದ ಮೊದಲ ಭೇಟಿ ಟಿಸಿಪಿಯ ಮೇಲೆಯೇ ನಡೆದಿರಬಹುದು. ಇದನ್ನು ಅರಿಯದೆ ತೆಗೆದ ನನ್ನ ಆರಂಭದ ಅಳತೆಗಳನ್ನೆಲ್ಲ ಕೈಬಿಡಬೇಕಾಯಿತು.

ವೈಫೈಯಿಂದ ಮೊಬೈಲ್ ಜಾಲಕ್ಕೆ ದಾಟುವಾಗ ಐಪಿ ವಿಳಾಸ ಬದಲಾಗಿ ಟಿಸಿಪಿ ಸಂಪರ್ಕ ಮುರಿಯುತ್ತದೆ. ಕ್ವಿಕ್ ತನ್ನದೇ ಸಂಪರ್ಕ ಗುರುತನ್ನು ಹೊಂದಿರುವುದರಿಂದ ಮುಂದುವರಿಯಬಲ್ಲದು. ಹೀಗಾಗಿ ಫೋನಿನ ಓದುಗರಿಗಾಗಿ ಎಚ್‌ಟಿಟಿಪಿ/3 ಅನ್ನು ಆನ್ ಮಾಡಿದ್ದೇನೆ. ಕ್ವಿಕ್‌ಗೆ ಆಧಾರವಾದ ಯುಡಿಪಿ ಎಂಬ ಸರಳ ಸಾಗಣೆ ವಿಧಾನವನ್ನು ತಡೆಯುವ ಫೈರ್‌ವಾಲ್‌ಗಳು ಇರುವವರೆಗೆ ಎಚ್‌ಟಿಟಿಪಿ/2 ಅನ್ನೂ ತೆಗೆಯುವುದಿಲ್ಲ.